ಫೋರ್ ವೀಲ್ ಜೀಪನ್ನು ಟೂ ವೀಲ್ ಮಾಡಿದ್ದು ಹೀಗೆ

ಮಂಡ್ಯದ ಹಳ್ಳಿಗಳಲ್ಲಿ ಇನ್ನೂ ಓಡುತ್ತಿರುವ ಹಳೆ ಮಹೀಂದ್ರ ಜೀಪುಗಳ ಕೆಳಗೆ ಬಗ್ಗಿ ನೋಡಿದರೆ ಎಷ್ಟೋ ಗಾಡಿಗಳಿಗೆ ಮುಂದಿನ ಪ್ರೊಪೆಲ್ಲರ್ ಶಾಫ್ಟೇ, ಅಂದರೆ ಮುಂದಿನ ಆಕ್ಸಲ್ಲಿಗೆ ಎಳೆತ ಒಯ್ಯುವ ಉದ್ದನೆಯ ತಿರುಗುವ ಸರಳೇ, ಇರುವುದಿಲ್ಲ. ಅದು ಆಲೆಮನೆಯ ಅಟ್ಟದ ಮೇಲೋ ಪಂಪ್‌ಸೆಟ್ ಮನೆಯ ಮೂಲೆಯಲ್ಲೋ ತುಕ್ಕು ಹಿಡಿಯುತ್ತ ಬಿದ್ದಿರುತ್ತದೆ. ಶಾಫ್ಟ್ ಬಿಚ್ಚಿ ಇಳಿಸಿದರೆ, ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ಫೋರ್ ವೀಲ್ ಗಾಡಿ, ಹಿಂದಿನ ಎರಡನ್ನಷ್ಟೇ ತಿರುಗಿಸುವ ಟೂ ವೀಲ್ ಆಯಿತು ಎಂದು ಎಲ್ಲರೂ ನಂಬಿದ್ದಾರೆ. ಅದು ಅರ್ಧ ಕೆಲಸ. ಉಳಿದರ್ಧ ಮುಂದಿನ ಚಕ್ರಗಳ ನಡುವಿನ ಗುಂಬದಲ್ಲಿ, ಅಂದರೆ ಹಬ್ಬಿನಲ್ಲಿದೆ. ಜೀವಕ್ಕೆ ಸಂಬಂಧಪಟ್ಟ ಅರ್ಧ ಅದೇ.

ಇಲ್ಲಿ ಹೇಳುತ್ತಿರುವುದು ಕೆಎ 11 ನೋಂದಣಿಯ ಒಂದು ಎಂಎಂ 540 ಗಾಡಿಯ ಕೆಲಸ. 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್, ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿದ ಟ್ರಾನ್ಸ್‌ಫರ್ ಕೇಸ್, ಬಲವನ್ನು ಮುಂದಿನ ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಆ ಗೇರ್ ಪೆಟ್ಟಿಗೆಗೆ ಎರಡು ಲಿವರ್, ಮುಂದೆ ಲೀಫ್ ಸ್ಪ್ರಿಂಗಿಗೆ ಕಟ್ಟಿದ, ಆಕ್ಸಲ್ಲನ್ನೂ ಅದರ ಗೇರುಗಳನ್ನೂ ಒಳಗಿಟ್ಟುಕೊಂಡ ಹೌಸಿಂಗ್. ತೊಂದರೆ ಎರಡಿತ್ತು. ಐವತ್ತೈದು ಕಿ.ಮೀ. ವೇಗ ದಾಟಿದರೆ ಕಾಲಡಿಯ ತಗಡು ನಡುಗುತ್ತಿತ್ತು. ಮುಂದಿನ ಹೌಸಿಂಗಿನಿಂದ ಆಗಾಗ ಕಟ್ ಕಟ್ ಎಂಬ ಸದ್ದು ಬರುತ್ತಿತ್ತು. ಆಯಿಲ್ ಇಳಿಸಿ ನೋಡಿದಾಗ ಅದರಲ್ಲಿ ಪಿನಿಯನ್ ಹಲ್ಲಿನ ಚೂರು ಸಿಕ್ಕಿತು. ಪಿನಿಯನ್ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಸಣ್ಣ ಗೇರು, ಕ್ರೌನ್ ಅದು ತಿರುಗಿಸುವ ದೊಡ್ಡ ಗೇರು, ಇವೆರಡೂ ಜೋಡಿಯಾಗಿಯೇ ಬದಲಾಗಬೇಕು. ಒಂದೇ ಹೊಸದು ಹಾಕಿದರೆ ಹಲ್ಲು ಕೂರುವುದಿಲ್ಲ, ಸದ್ದು ನಿಲ್ಲುವುದಿಲ್ಲ. ಈ ಗಾಡಿ ಈಗ ಓಡುವುದು ಬರೀ ಡಾಂಬರಿನ ಮೇಲೆ. ಅಷ್ಟಕ್ಕೆ ಜೋಡಿ ಹೊಸದು ಹಾಕಿಸುವ ಬದಲು ಮುಂದಿನ ಎಳೆತವನ್ನೇ ಕಳಚುವುದೆಂದು ತೀರ್ಮಾನವಾಯಿತು. ಮುಂದೊಮ್ಮೆ ಬೇಕೆಂದರೆ ಎಲ್ಲವನ್ನೂ ಮೊದಲಿನಂತೆ ಜೋಡಿಸಲು ಬರಬೇಕು, ಏನನ್ನೂ ಗ್ಯಾಸ್ ಕಟಿಂಗ್ ಮಾಡಬಾರದು ಎಂಬುದು ಮೊದಲೇ ಹಾಕಿಕೊಂಡ ಕಟ್ಟುಪಾಡು.

ಕೈ ಹಾಕುವ ಮೊದಲು ಶಕ್ತಿ ಹರಿಯುವ ದಾರಿ ತಿಳಿದಿರಬೇಕು. ಫೋರ್ ವೀಲ್ ಲಿವರ್ ಹಾಕಿಲ್ಲದಾಗ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವುದಿಲ್ಲ, ನಿಜ. ಆದರೆ ಗುಂಡಿ ತಿರುಗಿಸಿ ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸಬಲ್ಲ ಫ್ರೀ ವೀಲ್ ಹಬ್ ಇಲ್ಲದ ಗಾಡಿಯಲ್ಲಿ ಚಕ್ರಗಳೇ ಹಿಂದುಮುಂದಾಗಿ ಎಲ್ಲವನ್ನೂ ತಿರುಗಿಸುತ್ತಿರುತ್ತವೆ. ಚಕ್ರದಿಂದ ಹಬ್ಬನ್ನು ಆಕ್ಸಲ್ಲಿಗೆ ಜೋಡಿಸುವ ಬಿಲ್ಲೆಯಾದ ಡ್ರೈವ್ ಫ್ಲೇಂಜ್, ಅದರಿಂದ ಆಕ್ಸಲ್ ಶಾಫ್ಟ್, ಅದರಿಂದ ಕ್ರೌನ್, ಪಿನಿಯನ್, ಕೊನೆಗೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್. ಡಾಂಬರಿನ ಮೇಲೆ ಓಡುವಷ್ಟು ಹೊತ್ತೂ ಇದು ತಿರುಗುತ್ತಲೇ ಇರುತ್ತದೆ. ತುದಿಯ ಕೀಲಿನ ಜಾಯಿಂಟ್ ಕ್ರಾಸ್ ಸವೆದ ಶಾಫ್ಟು ಹಾಗೆ ಬಿಟ್ಟಿ ತಿರುಗುವುದರಿಂದಲೇ ನಡುಕ ಬರುತ್ತದೆ.

ಈಗ ಬರೀ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ ಏನಾಗುತ್ತದೆ? ನಡುಕ ನಿಲ್ಲುತ್ತದೆ. ಕ್ರೌನ್ ಪಿನಿಯನ್ ಮಾತ್ರ ಚಕ್ರದ ಜೊತೆ ತಿರುಗುತ್ತಲೇ ಇರುತ್ತದೆ. ಹಲ್ಲು ಮುರಿದ ಹೌಸಿಂಗಿನೊಳಗೆ ಒಂದು ಚೂರು ಕ್ರೌನಿಗೂ ಪಿನಿಯನ್ನಿಗೂ ನಡುವೆ ಸಿಕ್ಕಿಕೊಂಡರೆ ಓಡುತ್ತಿರುವಾಗಲೇ ಮುಂದಿನ ಚಕ್ರ ಬಿಗಿದು ನಿಲ್ಲಬಹುದು, ಆಗ ಸ್ಟೀರಿಂಗ್ ಕೈಯಲ್ಲಿ ಇರುವುದಿಲ್ಲ. ಸದ್ದು ಕೇಳಿ ಶಾಫ್ಟ್ ಇಳಿಸಿ, ಹಬ್ಬನ್ನು ಮುಟ್ಟದೆ ಓಡಿಸುವವರಿಗೆ ಈ ಅಪಾಯದ ಅರಿವೇ ಇಲ್ಲ. ಹಾಗಾಗಿ ಒಂದೇ ತುದಿ ಬಿಚ್ಚುವುದಾದರೆ ಅದು ಹಬ್ಬಿನ ತುದಿಯಾಗಿರಲಿ.

ಫ್ರೀ ವೀಲ್ ಹಬ್ ಇರುವವರಿಗೆ ಈ ಕೆಲಸವೇ ಬೇಡ. ಎರಡೂ ಕಡೆ ಗುಂಡಿಯನ್ನು ಫ್ರೀ ಕಡೆ ತಿರುಗಿಸಿದರೆ ಮುಗಿಯಿತು. ನಿಮ್ಮ ಹಬ್ಬಿನ ಸ್ಪ್ಲೈನಿಗೆ (ಶಾಫ್ಟನ್ನು ಹಿಡಿಯುವ ಉದ್ದುದ್ದ ಹಲ್ಲುಗಳಿಗೆ) ಹೊಂದುವ ಒಳ್ಳೆಯ ಜೋಡಿ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳಿ. ಈ ಗಾಡಿಗೆ ಸಿಕ್ಕ ಹಳೆ ಜೋಡಿಯಲ್ಲಿ ಒಂದು ಲಾಕ್ ಸ್ಥಾನದಲ್ಲೇ ತುಕ್ಕು ಹಿಡಿದು ಕೂತಿತ್ತು. ಒಂದು ಕಡೆ ಲಾಕ್, ಇನ್ನೊಂದು ಕಡೆ ಫ್ರೀ ಇದ್ದರೆ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ಲಿನ ಒಳಗಿನ ಸಣ್ಣ ಗೇರುಗಳು ಇಡೀ ದಿನ ತಿರುಗಿ ಸವೆಯುತ್ತವೆ. ಅದನ್ನು ವಾಪಸ್ ಕೊಟ್ಟು ಬೇರೆ ದಾರಿ ಹಿಡಿಯಬೇಕಾಯಿತು.

ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಇದೆಯಲ್ಲ ಎನ್ನಬೇಡಿ. ಈ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿಯಲ್ಲಿ. ಅದು ಹಿಡಿಯುವುದು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದೇ ಚಕ್ರವನ್ನು ಜಾಕಿಯಲ್ಲಿ ಎತ್ತಿದರೂ ಡಿಫರೆನ್ಶಿಯಲ್ ಮೂಲಕ ಇನ್ನೊಂದು ಚಕ್ರ ಉರುಳಬಹುದು, ಬ್ರೇಕ್ ಎಳೆದಿದ್ದೂ ಎಳೆಯದಂತೆ. ಹಿಂದಿನ ಶಾಫ್ಟ್ ಬಿಚ್ಚಿದರಂತೂ ಹ್ಯಾಂಡ್ ಬ್ರೇಕ್ ಪೂರ್ತಿ ಇಲ್ಲ.

ನಂತರ ಫೋರ್ ವೀಲ್ ಲಿವರ್ ತೆಗೆದು, ಅಂದರೆ ಅದನ್ನು ಟೂ ವೀಲ್ ಸ್ಥಾನಕ್ಕೆ ತಂದು, ಗಾಡಿಯನ್ನು ನಾಲ್ಕೈದು ಮೀಟರ್ ಹಿಂದಕ್ಕೆ ಬಿಟ್ಟು ಮತ್ತೆ ಕಲ್ಲು ಕೊಡಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಆ ವ್ಯತ್ಯಾಸ ನುಂಗುವ ಡಿಫರೆನ್ಶಿಯಲ್ ಇಲ್ಲ. ಕೆಸರಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ, ಆ ಬಿಗಿ ಶಾಫ್ಟುಗಳಲ್ಲಿ ತಿರುಚಿಕೊಂಡು ಉಳಿಯುತ್ತದೆ. ಬಿಗಿ ಇರುವಾಗ ಬೋಲ್ಟು ಬಿಚ್ಚಿದರೆ ಶಾಫ್ಟ್ ಝಾಡಿಸಿ ತಿರುಗಿ ಬೆರಳಿಗೆ ಬಡಿಯುತ್ತದೆ. ಹಿಂದಕ್ಕೆ ಬಿಟ್ಟರೆ ಬಿಗಿ ಸಡಿಲಾಗುತ್ತದೆ. ಈ ಗಾಡಿಯ ಪಿನಿಯನ್ ಹಲ್ಲು ಮುರಿಯಲು ಕಾರಣವೂ ಬಹುಪಾಲು ಇದೇ ಇರಬೇಕು. ಮುಂದೆ ಹೊಸ ಟೈರು, ಹಿಂದೆ ಬೋಳು ಟೈರು ಹಾಕಿ, ಲಿವರ್ ತೆಗೆಯದೆ ಡಾಂಬರಿನಲ್ಲಿ ಓಡಿಸಿದರೆ ನೇರ ರಸ್ತೆಯಲ್ಲೂ ಅದೇ ತಿರುಚಾಟ.

ಮೊದಲು ಪ್ರೊಪೆಲ್ಲರ್ ಶಾಫ್ಟ್. ಎರಡೂ ತುದಿಯಲ್ಲಿ ಕೀಲನ್ನು ಹಿಡಿಯುವ ಕವಲಾದ ಯೋಕ್ ಮೇಲೆ, ಶಾಫ್ಟಿನ ಮೇಲೆ, ಮಧ್ಯದ ಜಾರುವ ಸ್ಪ್ಲೈನಿನ ಎರಡೂ ಭಾಗಗಳ ಮೇಲೆ ಪಂಚ್ ಹೊಡೆದು ಗುರುತು ಮಾಡಿ. ಗುರುತಿಲ್ಲದೆ ಸ್ಪ್ಲೈನನ್ನು ಒಂದು ಹಲ್ಲು ಆಚೀಚೆ ಕೂರಿಸಿದರೆ ಎರಡು ಜಾಯಿಂಟುಗಳ ಸಾಲು ತಪ್ಪಿ, ಮತ್ತೆ ಹಾಕಿದ ದಿನ ಹೊಸ ನಡುಕ ಶುರುವಾಗುತ್ತದೆ. ಯು ಬೋಲ್ಟಿನ ನಟ್‌ಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿಡಿ. ಇವೆಲ್ಲ ಇಂಚಿನ ಅಳತೆಯ ಥ್ರೆಡ್. ಕೈಗೆ ಸಿಕ್ಕ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ನಟ್ ಮೂಲೆ ದುಂಡಗಾಗುತ್ತದೆ, ಮಿಲಿಮೀಟರ್ ಬೋಲ್ಟ್ ತುರುಕಿದರೆ ಥ್ರೆಡ್ಡೇ ಹೋಗುತ್ತದೆ. ಶಾಫ್ಟ್ ಇಳಿಯುತ್ತಿದ್ದಂತೆ ಜಾಯಿಂಟ್ ಕ್ರಾಸಿನ ಬಿಡಿ ಕಪ್ಪುಗಳ ಸುತ್ತ ಟೇಪ್ ಸುತ್ತಿ. ಇಲ್ಲವಾದರೆ ಕಪ್ ಕಳಚಿ ಒಳಗಿನ ಸೂಜಿ ಬೇರಿಂಗುಗಳು ನೆಲದ ತುಂಬ ಚೆಲ್ಲುತ್ತವೆ.

ಟ್ರಾನ್ಸ್‌ಫರ್ ಕೇಸಿನ ಮುಂದಿನ ಯೋಕನ್ನು ಮಾತ್ರ ಬಿಚ್ಚಬಾರದು. ಆಯಿಲ್ ಸೀಲ್ ತುಟಿ ಕೂತಿರುವುದು ಆ ಯೋಕಿನ ಕುತ್ತಿಗೆಯ ಮೇಲೆ. ಯೋಕ್ ತೆಗೆದರೆ ಆಯಿಲ್ ಸೋರಿ ಟ್ರಾನ್ಸ್‌ಫರ್ ಕೇಸ್ ಬರಿದಾಗುತ್ತದೆ. ಅದು ಹಿಡಿಯುವುದೇ ಸುಮಾರು ಒಂದೂವರೆ ಲೀಟರ್. ಯೋಕ್ ನಟ್ ಬಿಗಿಯಿದೆಯೇ, ಕಾಟರ್ ಪಿನ್ ಇದೆಯೇ ನೋಡಿ, ಯೋಕಿನ ಬಾಯಿಗೆ ಗ್ರೀಸ್ ಸವರಿ ದಪ್ಪ ಪ್ಲಾಸ್ಟಿಕ್ ಕಟ್ಟಿದರೆ ಸಾಕು. ಪಿನಿಯನ್ ಕಡೆಯ ಯೋಕಿಗೂ ಹಾಗೇ.

ಇನ್ನು ಹಬ್. ಡ್ರೈವ್ ಫ್ಲೇಂಜ್ ಬಿಚ್ಚಲು ಚಕ್ರ ಎತ್ತುವುದೂ ಬೇಡ. ನಡುವಿನ ತಗಡಿನ ಟೋಪಿಯನ್ನು ಉಳಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ತೆಗೆದರೆ ಶಾಫ್ಟಿನ ತುದಿ, ಅದರ ಲಾಕು ಕಾಣುತ್ತದೆ. ಅದನ್ನು ತೆಗೆದು, ಆರು ಬೋಲ್ಟು ಬಿಚ್ಚಿ, ಫ್ಲೇಂಜನ್ನು ಹೊರಗೆ ಎಳೆಯಬೇಕು. ಅದರ ಹಿಂದೆ ಅಂತರ ಸರಿಪಡಿಸುವ ತೆಳು ಬಿಲ್ಲೆ, ಅಂದರೆ ಶಿಮ್ ಇದ್ದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಎಂದು ಚೀಟಿ ಕಟ್ಟಿ ಇಡಿ. ಶಾಫ್ಟಿನ ಆಟದ ಅಳತೆ ಆ ಶಿಮ್ಮುಗಳಲ್ಲಿದೆ.

ಫ್ಲೇಂಜ್ ಹೊರಗೆ ಬಂದರೂ ಚಕ್ರ ಬೀಳುವುದಿಲ್ಲ, ಮುಖ್ಯ ಸಂಗತಿ ಅದು. ಹಬ್ ಕೂತಿರುವುದು ಸ್ಪಿಂಡಲ್ ಮೇಲಿನ ಎರಡು ಟೇಪರ್ ಬೇರಿಂಗುಗಳ ಮೇಲೆ. ಆಕ್ಸಲ್ ಶಾಫ್ಟ್ ಟೊಳ್ಳು ಸ್ಪಿಂಡಲ್ಲಿನ ಒಳಗಿಂದ ಬಂದು ತಿರುಗಿಸುವ ಕೆಲಸ ಮಾತ್ರ ಮಾಡುತ್ತದೆ, ಭಾರ ಹೊರುವುದಿಲ್ಲ. ಈ ವಿನ್ಯಾಸ ಇಲ್ಲದ ಗಾಡಿಗೆ ಇದನ್ನು ಮಾಡಲೇಬೇಡಿ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವ ಅನೇಕ ಗಾಡಿಗಳಲ್ಲಿ ಡ್ರೈವ್ ಶಾಫ್ಟಿನ ತುದಿ ಮತ್ತು ಅದರ ದೊಡ್ಡ ನಟ್ಟೇ ಹಬ್ ಬೇರಿಂಗನ್ನು ಒತ್ತಿ ಹಿಡಿದಿರುತ್ತವೆ. ಅಲ್ಲಿ ಶಾಫ್ಟ್ ಎಳೆದು ತೆಗೆದು ಓಡಿಸಿದರೆ ಬೇರಿಂಗ್ ಬಿಚ್ಚಿಕೊಂಡು ಚಕ್ರವೇ ಕಳಚಬಹುದು.

ಫ್ಲೇಂಜ್ ತೆಗೆದ ಜಾಗವನ್ನು ತೆರೆದು ಬಿಡುವಂತಿಲ್ಲ. ಧೂಳು ನೀರು ನೇರವಾಗಿ ಹೊರ ಬೇರಿಂಗಿಗೆ ಹೋಗುತ್ತದೆ. ಚಪ್ಪಟೆ ಪ್ಲೇಟು ಕತ್ತರಿಸಿ ಮುಚ್ಚಲು ಹೋದರೆ ಆಕ್ಸಲ್ ಶಾಫ್ಟಿನ ತುದಿ ಫ್ಲೇಂಜಿನ ದಪ್ಪದಷ್ಟು ಹೊರಗೆ ಚಾಚಿಕೊಂಡಿರುವುದರಿಂದ ಅಡ್ಡ ಬರುತ್ತದೆ. ಶಾಫ್ಟನ್ನೇ ಎಳೆದು ಹಾಕೋಣ ಎಂದರೆ ಇನ್ನೊಂದು ತಾಪತ್ರಯ. ಹೌಸಿಂಗಿನ ಕೊಳವೆಯಲ್ಲಿರುವ ಆಯಿಲ್ ಸೀಲ್ ಶಾಫ್ಟಿನ ಮೈ ಹಿಡಿದು ನಿಂತಿರುತ್ತದೆ. ಶಾಫ್ಟ್ ಇಲ್ಲದಿದ್ದರೆ ಡಿಫರೆನ್ಶಿಯಲ್ ಆಯಿಲ್ ಕೊಳವೆಯಲ್ಲಿ ಹರಿದು, ಚಕ್ರದ ಬಳಿ ಶಾಫ್ಟಿನ ಕೀಲನ್ನು ಮುಚ್ಚಿರುವ ಗೋಳದೊಳಗಿನ ಗ್ರೀಸನ್ನು ಕರಗಿಸಿ, ಅಲ್ಲಿಂದ ಸ್ಪಿಂಡಲ್ ದಾಟಿ ಬ್ರೇಕ್ ಲೈನರಿಗೆ ಇಳಿಯುತ್ತದೆ. ಒಂದು ಚಕ್ರದ ಬ್ರೇಕ್ ಹಿಡಿದು ಇನ್ನೊಂದು ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಆದ್ದರಿಂದ ಶಾಫ್ಟನ್ನು ಅಲ್ಲೇ ಬಿಟ್ಟು, ಅದಕ್ಕೂ ಹಬ್ಬಿಗೂ ಇರುವ ನಂಟನ್ನಷ್ಟೇ ಕಡಿದೆವು. ಗುಜರಿಯಲ್ಲಿ ಸ್ಪ್ಲೈನ್ ಸವೆದ ಎರಡು ಹಳೆ ಡ್ರೈವ್ ಫ್ಲೇಂಜ್ ಹುಡುಕಿ, ಮೈಸೂರಿನ ಬನ್ನಿಮಂಟಪದ ಕಡೆ ಒಂದು ಲೇತಿನಲ್ಲಿ ಒಳ ಸ್ಪ್ಲೈನನ್ನು ಪೂರ್ತಿ ಬೋರ್ ಮಾಡಿಸಿದೆವು. ಶಾಫ್ಟಿನ ಹೊರ ಅಳತೆಗಿಂತ ವ್ಯಾಸದಲ್ಲಿ ಮೂರು ಮಿ.ಮೀ. ಹೆಚ್ಚು, ಅಂದರೆ ಸುತ್ತಲೂ ಒಂದೂವರೆ ಮಿ.ಮೀ. ಬಿಡುವು. ಮೊದಲ ಸಲ ಒಂದೇ ಮಿ.ಮೀ. ಬಿಟ್ಟು ಬೋರ್ ಮಾಡಿಸಿದ್ದು ತಪ್ಪಾಯಿತು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಜಾಯಿಂಟ್ ಶಾಫ್ಟಿನ ತುದಿಯನ್ನು ತುಸು ಅಲುಗಿಸಿ, ಅದು ಬೋರಿನ ಗೋಡೆಗೆ ತಾಗಿ ಕಿರುಗುಟ್ಟುತ್ತಿತ್ತು. ಎರಡನೇ ಸಲಕ್ಕೆ ಸರಿಹೋಯಿತು. ಬೋರ್ ಆದ ಫ್ಲೇಂಜಿಗೆ ಮೊದಲಿನ ಆರು ಬೋಲ್ಟು, ಮೊದಲಿನ ತಗಡು ಟೋಪಿ ಹಾಗೇ ಹೊಂದುತ್ತವೆ. ಹೊರಗಿನಿಂದ ನೋಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ. ಗಾಡಿಯ ಸ್ವಂತ ಫ್ಲೇಂಜುಗಳನ್ನು ಮಾತ್ರ ಎಂದೂ ಬೋರ್ ಮಾಡಿಸಬೇಡಿ, ಅವು ಮುಂದೊಂದು ದಿನಕ್ಕೆ ಬೇಕು.

ಇಷ್ಟು ಬಿಚ್ಚಿದ ಮೇಲೆ ಬೇರಿಂಗ್ ನೋಡದೆ ಮುಚ್ಚುವುದು ಸಲ್ಲ. ಈಗ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹೊರ ಲಾಕ್ ನಟ್, ಮಡಿಸಿದ ಲಾಕ್ ವಾಷರ್, ಒಳ ನಟ್ ಹೀಗೆ ತೆಗೆಯಬೇಕು. ಇದಕ್ಕೆ ಎರಡು ಇಂಚಿಗಿಂತ ಕೊಂಚ ದೊಡ್ಡದಾದ ಉದ್ದನೆಯ ಪೆಟ್ಟಿಗೆ ಸಾಕೆಟ್ ಬೇಕು. ಉಳಿ ಸುತ್ತಿಗೆಯಿಂದ ನಟ್ ಹೊಡೆದು ತಿರುಗಿಸುವ ಅಭ್ಯಾಸ ಎಲ್ಲ ಕಡೆ ಇದೆ. ನಟ್ಟಿನ ಅಂಚಿನಿಂದ ಎದ್ದ ಲೋಹದ ಪುಡಿ ನೇರವಾಗಿ ಬೇರಿಂಗಿಗೆ ಬೀಳುತ್ತದೆ ಎನ್ನುವುದನ್ನು ಯಾರೂ ಯೋಚಿಸುವುದಿಲ್ಲ. ಬೇರಿಂಗ್ ತೊಳೆದು, ಒಣಗಿಸಿ, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ರೋಲರುಗಳ ನಡುವೆ ಹೊಕ್ಕುವಂತೆ ಒತ್ತಿ ತುಂಬಬೇಕು. ಒಳ ನಟ್ಟನ್ನು ಚಕ್ರ ತಿರುಗಿಸುತ್ತಲೇ ಚಕ್ರ ಬಿಗಿ ಹಿಡಿಯುವವರೆಗೆ ಬಿಗಿದು, ಬಳಿಕ ಸುತ್ತಿನ ಆರನೇ ಒಂದು ಭಾಗ ಸಡಿಲಿಸಿ. ಚಕ್ರ ಆರಾಮಾಗಿ ತಿರುಗಬೇಕು, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಟ ಇರಬಾರದು. ಹೊರ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಲುಗಿಸಿ ನೋಡಿ, ಅದರ ಒತ್ತಡಕ್ಕೆ ಒಳಗಿನದು ಬಿಗಿಯಾಗುವುದುಂಟು. ಆಮೇಲೆ ವಾಷರ್ ಮಡಿಸಿ. ಫ್ಲೇಂಜಿಗೆ ಹೊಸ ಪ್ಯಾಕಿಂಗ್ ಕಾಗದ ಹಾಕಿ ಆರೂ ಬೋಲ್ಟನ್ನು ಎದುರುಬದುರಾಗಿ ಬಿಗಿಯಬೇಕು.

ಮುಂದಿನ ಹೌಸಿಂಗಿನ ಆಯಿಲ್ ಇಳಿಸಿ, ಮುಚ್ಚಳ ತೆಗೆದು, ಚೂರುಗಳನ್ನು ಅಯಸ್ಕಾಂತದಿಂದ ಎತ್ತಿ, ಡೀಸೆಲ್‌ನಲ್ಲಿ ತೊಳೆದು, ಮತ್ತೆ 90ರ ಗೇರ್ ಆಯಿಲ್ ತುಂಬಿದೆವು. ಒಂದೂಕಾಲು ಲೀಟರಿನ ಆಸುಪಾಸು ಹಿಡಿಯಿತು. ತಿರುಗದ ಹೌಸಿಂಗಿಗೆ ಆಯಿಲ್ ಏಕೆ ಎಂದು ಕೇಳುವವರಿದ್ದಾರೆ. ಬರಿದು ಬಿಟ್ಟರೆ ಒಂದೇ ಮಳೆಗಾಲದಲ್ಲಿ ಒಳಗೆ ಬೆವರಿದ ನೀರಿಗೆ ಬೇರಿಂಗುಗಳು ತುಕ್ಕು ಹಿಡಿಯುತ್ತವೆ.

ಈಗ ಲಿವರುಗಳ ವಿಷಯ. ಈ ಕೆಲಸದಲ್ಲಿ ಹೆಚ್ಚು ಗಾಡಿಗಳನ್ನು ಕೆಡಿಸುವುದು ಇದೇ ಜಾಗ. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದು ಲಿವರ್ ಮುಂದಿನ ಎಳೆತ ಸೇರಿಸಲು, ಇನ್ನೊಂದು ಹೈ (ಮಾಮೂಲಿ ಓಟ) ಮತ್ತು ಲೋ (ನಿಧಾನ, ಹೆಚ್ಚು ಬಲ) ಬದಲಿಸಲು. ಮುಂದಿನದನ್ನು ಸೇರಿಸದೆ ಲೋ ಬೀಳದಂತೆ ಎರಡು ಸರಳುಗಳ ನಡುವೆ ಒಂದು ತಡೆ ಇಟ್ಟಿದ್ದಾರೆ. ಅದಕ್ಕೆ ಕಾರಣವಿದೆ. ಲೋನಲ್ಲಿ ತಿರುಚು ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ, ಅದು ನಾಲ್ಕು ಚಕ್ರಕ್ಕೂ ಹಂಚಿಹೋಗಲಿ ಎಂಬ ಲೆಕ್ಕ. ಈಗ ಮುಂದಿನ ಶಾಫ್ಟ್ ಇಲ್ಲ. ಯಾರಾದರೂ ಎರಡೂ ಲಿವರ್ ಹಾಕಿದರೆ ಲೋ ಬಿದ್ದೇ ಬೀಳುತ್ತದೆ, ಮುಂದಿನ ಯೋಕ್ ಸುಮ್ಮನೆ ಗಾಳಿಯಲ್ಲಿ ತಿರುಗುತ್ತದೆ, ಆ ಇಡೀ ಬಲ ಹಿಂದಿನ ಆಕ್ಸಲ್ ಒಂದರ ಮೇಲೇ ಬೀಳುತ್ತದೆ. ಕಬ್ಬು ತುಂಬಿದ ಟ್ರೈಲರ್ ಕಟ್ಟಿ, ಗದ್ದೆಯಿಂದ ಏರಿ ಹತ್ತಿಸುವಾಗ ಲೋ ಹಾಕಿ ಕ್ಲಚ್ ಬಿಟ್ಟರೆ ಹಿಂದಿನ ಜಾಯಿಂಟ್ ಕ್ರಾಸೋ ಆಕ್ಸಲ್ ಶಾಫ್ಟೋ ಪಟ್ಟೆಂದು ಹೋಗುತ್ತದೆ. ಡಾಂಬರಿನಲ್ಲಿ ಹೈನಲ್ಲಿ ಓಡುವಾಗ ಹಿಂದಿನ ಆಕ್ಸಲ್ಲಿಗೆ ಹೊಸ ಭಾರವೇನೂ ಇಲ್ಲ, ಅದು ಮೊದಲೂ ಒಂಟಿಯಾಗಿಯೇ ಎಳೆಯುತ್ತಿತ್ತು. ಅಪಾಯ ಇರುವುದು ಲೋನಲ್ಲಿ ಮಾತ್ರ.

ತಡೆ ಸರಿಯಾಗಿದ್ದರೆ ಪರಿಹಾರ ಸುಲಭ. ಮುಂದಿನ ಎಳೆತದ ಲಿವರನ್ನು ಟೂ ವೀಲ್ ಸ್ಥಾನದಲ್ಲೇ ಬುಡದಲ್ಲಿ ಒಂದು ಕಬ್ಬಿಣದ ಪಟ್ಟಿ, ಒಂದು ಬೋಲ್ಟಿನಿಂದ ಕಟ್ಟಿ ಹಾಕಿ. ಆಗ ಲೋ ತಾನಾಗಿಯೇ ಬೀಳುವುದಿಲ್ಲ. ಕೆಲವು ಗಾಡಿಗಳಲ್ಲಿ ಯಾರೋ ಹಿಂದೆಯೇ ಆ ತಡೆಯನ್ನು ತೆಗೆದು ಬಿಸಾಕಿರುತ್ತಾರೆ. ಪಟ್ಟಿ ಕಟ್ಟಿದ ಮೇಲೆ ಗಾಡಿ ನಿಲ್ಲಿಸಿಕೊಂಡೇ ಲೋ ಹಾಕಲು ಪ್ರಯತ್ನಿಸಿ, ಬಿದ್ದರೆ ಎರಡನೇ ಲಿವರಿಗೂ ಪಟ್ಟಿ ಬೇಕು.

ಟ್ರಾನ್ಸ್‌ಫರ್ ಕೇಸನ್ನೇ ಕಿತ್ತು ಹಾಕಿ, ಮುಂದೆ ಟೂ ವೀಲ್ ಜೀಪಿನ, ಎಳೆತವಿಲ್ಲದೆ ಬರೀ ಭಾರ ಹೊರುವ ಡೆಡ್ ಆಕ್ಸಲ್ ಕೂರಿಸಿ ಎಂದು ಸಲಹೆ ಕೊಡುವವರು ಬಹಳ. ಹೇಳುವಷ್ಟು ಹಗುರವಲ್ಲ. ಟ್ರಾನ್ಸ್‌ಫರ್ ಕೇಸಿನ ಮೊದಲ ಗೇರ್ ಕೂತಿರುವುದು ಗೇರ್‌ಬಾಕ್ಸಿನ ಮೇನ್ ಶಾಫ್ಟಿನ ಬಾಲದ ಮೇಲೇ, ಕೇಸ್ ತೆಗೆದರೆ ಆ ಬಾಲಕ್ಕೆ ಆಧಾರವಿಲ್ಲ. ಸ್ಪೀಡೋಮೀಟರ್ ಕೇಬಲ್ಲೂ ಹ್ಯಾಂಡ್ ಬ್ರೇಕೂ ಅಲ್ಲಿಂದಲೇ. ಹಿಂದಿನ ಶಾಫ್ಟ್ ಹೊರಡುವುದು ಗೇರ್‌ಬಾಕ್ಸಿನ ನೇರಕ್ಕಲ್ಲ, ಪಕ್ಕಕ್ಕೆ ಸರಿದು. ಹಿಂದಿನ ಹೌಸಿಂಗಿನಲ್ಲಿ ಡಿಫರೆನ್ಶಿಯಲ್ ಕೂತಿರುವ ಗಡಿಗೆಯಂಥ ಭಾಗವೂ ಅದೇ ನೇರಕ್ಕೆ ಪಕ್ಕದಲ್ಲಿದೆ, ಹಾಗಾಗಿ ಕೇಸ್ ತೆಗೆದರೆ ಹಿಂದಿನ ಆಕ್ಸಲ್ಲೂ ಬದಲಾಗಬೇಕು. ಡೆಡ್ ಆಕ್ಸಲ್ಲಿನ ಸ್ಪ್ರಿಂಗ್ ಕೂರುವ ಅಂತರ, ಚಕ್ರ ಎಡಬಲಕ್ಕೆ ತಿರುಗುವ ಕಿಂಗ್ ಪಿನ್ನಿನ ಓರೆ, ಸ್ಟೀರಿಂಗಿನ ಸರಳಾದ ಡ್ರ್ಯಾಗ್ ಲಿಂಕಿನ ಎತ್ತರ, ಬ್ರೇಕ್ ಡ್ರಮ್ ಅಳತೆ ಇಷ್ಟೂ ಹೊಂದಬೇಕು. ಹೊಂದದಿದ್ದರೆ ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ತನ್ನಷ್ಟಕ್ಕೆ ತಿರುಗುತ್ತದೆ.

ಕಾನೂನೂ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿನ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಆಕ್ಸಲ್, ಟ್ರಾನ್ಸ್‌ಫರ್ ಕೇಸ್ ಬದಲಾದರೆ ಆರ್‌ಸಿಯಲ್ಲಿರುವ ಖಾಲಿ ಗಾಡಿಯ ತೂಕವೇ ಬೇರೆಯಾಗುತ್ತದೆ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿ ಐದೈದು ವರ್ಷಕ್ಕೊಮ್ಮೆ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಬೇಕು. ಶಾಫ್ಟ್ ಇಳಿಸುವ ಮೊದಲೂ ಆರ್‌ಟಿಒದಲ್ಲಿ, ವಿಮೆಯವರಲ್ಲಿ ಒಂದು ಮಾತು ಕೇಳಿಕೊಳ್ಳುವುದು ಕ್ಷೇಮ.

ಮಾರುತಿ ಜಿಪ್ಸಿಗೆ ಇದನ್ನೇ ಮಾಡುವವರಿಗೆ ಒಂದು ಎಚ್ಚರಿಕೆ. ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಅದನ್ನು ನೋಡಿ, ಕೇಸ್ ತೆಗೆದು ಉದ್ದ ಶಾಫ್ಟಿನಿಂದ ನೇರ ಹಿಂದಕ್ಕೆ ಜೋಡಿಸಬಹುದಲ್ಲ ಅನ್ನಿಸುತ್ತದೆ. ಜಿಪ್ಸಿ ಕಿಂಗ್ ಕೇಸಿನಲ್ಲಿ ಹೈ ಕೂಡ ಒಂದಕ್ಕೊಂದಲ್ಲ, ಒಳಗೆ ಸುಮಾರು 1.4 ಸುತ್ತು ತಿರುಗಿದರೆ ಹೊರಗೆ ಒಂದು ಸುತ್ತು ಎಂಬಷ್ಟು ಇಳಿಕೆ ಇದೆ. ಅದನ್ನು ತೆಗೆದರೆ ಎಲ್ಲ ಗೇರೂ ಅಷ್ಟು ಉದ್ದವಾಗಿ, ಚಾಮುಂಡಿ ಬೆಟ್ಟದ ಏರಿನಲ್ಲಿ ಮೊದಲ ಗೇರಿನಲ್ಲೂ ಕ್ಲಚ್ ಉರಿಸಬೇಕಾಗುತ್ತದೆ. ಇನ್ನು ನಡುವೆ ಡಿಫರೆನ್ಶಿಯಲ್ ಇಟ್ಟುಕೊಂಡು ಸದಾ ನಾಲ್ಕೂ ಚಕ್ರ ಎಳೆಯುವ ಗಾಡಿಗಳಲ್ಲಿ ಒಂದು ಶಾಫ್ಟ್ ಬಿಚ್ಚಿದರೆ ಬಲವೆಲ್ಲ ಆ ಖಾಲಿ ತುದಿಯಲ್ಲೇ ಸೋರಿ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಕೆಲಸ ಮುಗಿಯಲು ಲೇತಿನ ಓಡಾಟ ಸೇರಿ ಎರಡು ದಿನ ಹಿಡಿಯಿತು. ಮಂಡ್ಯದಿಂದ ಶ್ರೀರಂಗಪಟ್ಟಣದ ಕಡೆಗೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಎರಡೂ ಹಬ್ಬಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿದೆವು. ಎಡಗಡೆಯದು ಹೆಚ್ಚು ಬಿಸಿಯಿತ್ತು. ಒಳ ನಟ್ಟನ್ನು ಇನ್ನೊಂದು ಕೂದಲೆಳೆಯಷ್ಟು ಸಡಿಲಿಸಿದ ಮೇಲೆ ಎರಡೂ ಸಮವಾದವು. ಐವತ್ತು ಕಿ.ಮೀ. ಆದ ಬಳಿಕ ಫ್ಲೇಂಜಿನ ಬೋಲ್ಟುಗಳನ್ನು ಮತ್ತೆ ಬಿಗಿದರೆ ಪ್ಯಾಕಿಂಗ್ ಕೂತು ಅರ್ಧ ಸುತ್ತು ತಿರುಗಿದವು.

ಐವತ್ತೈದರ ನಡುಕ ಪೂರ್ತಿ ಹೋಯಿತು, ಕಟ್ ಕಟ್ ಸದ್ದೂ ಹೋಯಿತು. ನಡುವಿನಿಂದ ಬರುವ ಗುಂಯ್ ಎಂಬ ನಾದ ಮಾತ್ರ ಇದ್ದಲ್ಲೇ ಇದೆ. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ ಹಾಕಿದರೂ ಬಲ ನೇರವಾಗಿ ಹೋಗದೆ ನಡುವಿನ ಗೇರು ಬಳಸಿಕೊಂಡೇ ಹೋಗುವುದರಿಂದ ಅದು ಎಂದಿಗೂ ಹೋಗುವುದಿಲ್ಲ. ಡೀಸೆಲ್ ಉಳಿಯುತ್ತದೆಂದು ಈ ಕೆಲಸಕ್ಕೆ ಇಳಿಯುವವರು ಇಳಿಯಬೇಡಿ, ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಇಟ್ಟರೂ ಕಣ್ಣಿಗೆ ಕಾಣುವ ವ್ಯತ್ಯಾಸ ಸಿಗಲಿಲ್ಲ. ಮುಂಭಾಗ ಹಗುರಾಗಿ ಎತ್ತರವಾಗುತ್ತದೆ ಎಂಬ ಮಾತೂ ಸುಳ್ಳು. ಹೌಸಿಂಗಿನ ಭಾರವನ್ನು ಸ್ಪ್ರಿಂಗ್ ಹೊರುವುದಿಲ್ಲ, ಟೈರೇ ಹೊರುತ್ತದೆ. ಸ್ಪ್ರಿಂಗಿಗೆ ಅದು ಮೊದಲೂ ತಿಳಿಯುತ್ತಿರಲಿಲ್ಲ.

ಕಳೆದುಕೊಂಡದ್ದೂ ಇದೆ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಮಳೆ ಬಿದ್ದ ಮರುದಿನ ಈ ಗಾಡಿಯನ್ನು ಇನ್ನು ಒಯ್ಯುವಂತಿಲ್ಲ. ಮೇಲುಕೋಟೆಯ ಇಳಿಜಾರಿನಲ್ಲಿ ಲೋ ಹಾಕಿ ನಾಲ್ಕೂ ಚಕ್ರದಲ್ಲಿ ಎಂಜಿನ್ ಹಿಡಿತ ಇಟ್ಟುಕೊಂಡು ಇಳಿಯುವ ಸುಖವೂ ಇಲ್ಲ, ಎರಡನೇ ಗೇರಿನಲ್ಲಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುತ್ತ ಇಳಿಯಬೇಕು.

ಬಿಚ್ಚಿದ ಶಾಫ್ಟಿಗೆ ಎಣ್ಣೆ ಸವರಿ, ಗೋಣಿ ಸುತ್ತಿ, ನೆಲಕ್ಕೆ ತಾಗದಂತೆ ನೇತು ಹಾಕಿದ್ದೇವೆ. ಅದರ ಕುತ್ತಿಗೆಗೇ ಒಂದು ಚೀಲ ಕಟ್ಟಿ ಮೂಲ ಫ್ಲೇಂಜುಗಳು, ಶಿಮ್ಮುಗಳು, ಯು ಬೋಲ್ಟುಗಳನ್ನು ಇಟ್ಟಿದ್ದೇವೆ. ಎರಡು ತಿಂಗಳಿಗೊಮ್ಮೆ ಗಾಡಿಯ ಕೆಳಗೆ ನುಗ್ಗಿ ಪಿನಿಯನ್ ಯೋಕನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿದರೆ ಕ್ರೌನ್ ಆಯಿಲಿನಲ್ಲಿ ಮಿಂದು ಬೇರಿಂಗುಗಳಿಗೂ ಆಯಿಲ್ ಹತ್ತುತ್ತದೆ.